ಮಿಸ್‌ಕ್ಯಾರೇಜ್ ಆದ ಮೇಲೆ ಯಾವ ಪುಸ್ತಕ ಓದಲಿ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಐದು ವಾರದ ಹಿಂದೆ ನನಗೆ ಮಿಸ್‌ಕ್ಯಾರೇಜ್ ಆಯಿತು. ಲೆಕ್ಕದ ಪ್ರಕಾರ 11 ವಾರ ಆಗಬೇಕಿತ್ತು. ಸ್ಕ್ಯಾನ್‌ನಲ್ಲಿ 8 ವಾರದಷ್ಟೇ ಬೆಳವಣಿಗೆ ಇದೆ, ಹಾರ್ಟ್‌ಬೀಟ್ ಇಲ್ಲ ಅಂದರು. ಅದಕ್ಕೆ ನಾಲ್ಕು ದಿನ ಮೊದಲು ಬೈಕಿನಲ್ಲಿ ತವರಿಗೆ ಹೋಗಿಬಂದಿದ್ದೆ. ಅದರಿಂದಲೇ ಹೀಗಾಯ್ತು ಅಂತ ಅತ್ತೆ ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ರಾತ್ರಿ ನಿದ್ದೆ ಇಲ್ಲ. ಗಂಡ ಈ ವಿಷಯ ಎತ್ತುವುದೇ ಇಲ್ಲ. ಚಿಕ್ಕಂದಿನಿಂದಲೂ ಏನೇ ಆದರೂ ಓದಿ ಸಮಾಧಾನ ಮಾಡಿಕೊಂಡವಳು ನಾನು, ಆದರೆ ಹುಡುಕಿದಲ್ಲೆಲ್ಲ ಗರ್ಭಿಣಿಯರ ಪುಸ್ತಕಗಳೇ ಸಿಗುತ್ತಿವೆ. ಮಲಯಾಳಂ ನಿಧಾನವಾಗಿ ಓದುತ್ತೇನೆ, ಇಂಗ್ಲಿಷ್ ಓದಬಲ್ಲೆ. ಯಾವ ಪುಸ್ತಕ ಓದಲಿ?

ಉತ್ತರ: ಪುಸ್ತಕದ ಮಾತಿಗೆ ಬರುವ ಮೊದಲು ಬೈಕಿನ ಮಾತು ಮುಗಿಸಿಬಿಡೋಣ. ತಪ್ಪು ನನ್ನದೇ ಅಂದುಕೊಂಡು ಯಾವ ಪುಸ್ತಕ ತೆರೆದರೂ ನಿಮಗೆ ಪ್ರತಿ ಪುಟದಲ್ಲೂ ಅದೇ ಕಾಣುತ್ತದೆ, ಅದಕ್ಕೆ.

ನಿಮ್ಮ ಸ್ಕ್ಯಾನ್ ರಿಪೋರ್ಟನ್ನು ಇನ್ನೊಮ್ಮೆ ನೋಡಿ. 11 ವಾರಕ್ಕೆ ಮಾಡಿದ ಸ್ಕ್ಯಾನ್, ಬೆಳವಣಿಗೆ 8 ವಾರದ್ದು. ಅಂದರೆ ಸುಮಾರು ಮೂರು ವಾರ ಮೊದಲೇ ಅದು ನಿಂತುಹೋಗಿತ್ತು, ನಿಮಗೆ ಗೊತ್ತಾಗುವುದು ತಡವಾಯಿತು ಅಷ್ಟೇ. ನೀವು ಬೈಕ್ ಹತ್ತಿದ್ದು ಸ್ಕ್ಯಾನ್‌ಗೆ ನಾಲ್ಕು ದಿನ ಮೊದಲು. ಮೊದಲೇ ಆಗಿಹೋದದ್ದಕ್ಕೆ ಆಮೇಲಿನ ಪ್ರಯಾಣ ಹೇಗೆ ಕಾರಣವಾಗುತ್ತದೆ? ಇನ್ನು ಆ ಮೂರು ವಾರದ ಹಿಂದೆಯೇ ಬೈಕ್ ಹತ್ತಿದ್ದರೂ ನನ್ನ ಉತ್ತರ ಇದೇ ಇರುತ್ತಿತ್ತು. ಮೊದಲ ಮೂರು ತಿಂಗಳಲ್ಲಿ ಉಳಿಯದೆ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ, ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಸಂಖ್ಯೆಯಲ್ಲಿ ಆಗುವ ಹೆಚ್ಚುಕಮ್ಮಿ. ಅದು ಹೆಚ್ಚಾಗಿ ಗರ್ಭ ಕಟ್ಟುವ ಹೊತ್ತಿಗೇ, ಮುಟ್ಟು ತಪ್ಪಿದ್ದು ನಿಮ್ಮ ಗಮನಕ್ಕೆ ಬರುವ ಮೊದಲೇ ತೀರ್ಮಾನವಾಗಿರುವ ವಿಷಯ. ಬೈಕಿನ ಕುಲುಕಾಟ, ಒಂದು ತುಂಡು ಹಣ್ಣು ಪಪ್ಪಾಯಿ, ಗಂಡನ ಜೊತೆ ಒಂದು ಜಗಳ, ಒಂದು ಕೊಡಪಾನ ನೀರು ಎತ್ತಿದ್ದು, ಇವು ಯಾವುದೂ ಅದನ್ನು ಮಾಡುವುದಿಲ್ಲ. 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಇದರ ಬಗ್ಗೆಯೇ ಒಂದು ಲೇಖನಮಾಲೆ ಪ್ರಕಟಿಸಿತ್ತು. ಅದರ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 2.3 ಕೋಟಿ ಮಿಸ್‌ಕ್ಯಾರೇಜ್ ಆಗುತ್ತವೆ, ಗೊತ್ತಾದ ಗರ್ಭಗಳಲ್ಲಿ ಸುಮಾರು 15%. ನಿಮ್ಮ ಸ್ಟಾಫ್ ರೂಮಿನಲ್ಲೂ ಒಬ್ಬರೋ ಇಬ್ಬರೋ ಇದನ್ನು ದಾಟಿ ಬಂದವರು ಇರಬಹುದು, ಹೇಳಿಕೊಂಡಿಲ್ಲ ಅಷ್ಟೇ.

ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಿ ಅಂತ ಹೇಳುತ್ತಿಲ್ಲ. ನಮ್ಮ ಕಡೆ ಹಿರಿಯರಿಗೆ ಕಾರಣ ಇಲ್ಲದ ನಷ್ಟವನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ. ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ನಾಗನಿಗೆ ತಂಬಿಲವೋ ಆಶ್ಲೇಷಾ ಬಲಿಯೋ ಅಂತ ಪೂಜೆ ಹೇಳಿಕೊಳ್ಳುತ್ತಾರೆ. ನಂಬಿಕೆ ಇದ್ದರೆ ಮಾಡಿಸಿ, ಮನಸ್ಸಿಗೆ ನೆಮ್ಮದಿ ಸಿಕ್ಕರೆ ಸಿಗಲಿ. ಆದರೆ ಆ ಸೇವೆ ನಿಮ್ಮ ತಪ್ಪಿಗೆ ಪ್ರಾಯಶ್ಚಿತ್ತ ಅಂತ ಆಗಬಾರದು. ತಪ್ಪೇ ಇಲ್ಲವಲ್ಲ.

ಈಗ ಪುಸ್ತಕ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಿಗೆ ಪುಸ್ತಕ ಹೇಳುವಾಗ ನಾನು ಮೊದಲು ನೋಡುವುದು ಒಂದನ್ನೇ: ಈ ಪುಸ್ತಕ ತಾಯಿಯ ಮೇಲೆ ತಪ್ಪು ಹೊರಿಸುತ್ತದೆಯೋ ಇಲ್ಲವೋ. ಭಾಷೆ ಚೆನ್ನಾಗಿದೆಯಾ, ಬರೆದವರು ದೊಡ್ಡ ಡಾಕ್ಟರಾ, ಅದೆಲ್ಲ ಆಮೇಲೆ. ಅಂಗಡಿಯಲ್ಲೋ ಲೈಬ್ರರಿಯಲ್ಲೋ ಪುಸ್ತಕ ಕೈಗೆ ಬಂದರೆ ಮೊದಲ ಪುಟದಿಂದ ಶುರು ಮಾಡಬೇಡಿ. ಪರಿವಿಡಿ ನೋಡಿ, ಯಾಕೆ ಹೀಗಾಗುತ್ತದೆ ಅನ್ನುವ ಅಧ್ಯಾಯ ತೆಗೆಯಿರಿ. ಅಲ್ಲಿ ಕ್ರೋಮೋಸೋಮ್ ವಿಷಯ ಮೊದಲು ಬಂದರೆ ಮುಂದೆ ಓದಬಹುದು. ತಾಯಿಯ ಆತಂಕ, ಅಜಾಗರೂಕತೆ, ಕೆಟ್ಟ ಯೋಚನೆ, ತಿನ್ನಬಾರದ್ದನ್ನು ತಿಂದದ್ದು ಅಂತ ಪಟ್ಟಿ ಶುರುವಾದರೆ ಅಲ್ಲೇ ಮುಚ್ಚಿ ವಾಪಸ್ ಇಡಿ. ಮುಚ್ಚಿದ್ದಕ್ಕೆ ಬೇಜಾರು ಬೇಡ.

ಈ ಪರೀಕ್ಷೆಯಲ್ಲಿ ಮೊದಲು ಬೀಳುವುದು ಗರ್ಭಸಂಸ್ಕಾರದ ಪುಸ್ತಕಗಳು. ಮದುವೆಯಾದ ವರ್ಷವೇ ಯಾರಾದರೂ ಉಡುಗೊರೆ ಕೊಟ್ಟಿರುತ್ತಾರೆ, ನಿಮ್ಮ ಮನೆಯಲ್ಲೂ ಒಂದು ಇರಬಹುದು. ಒಳ್ಳೆಯ ಸಂಗೀತ ಕೇಳಿದರೆ, ಒಳ್ಳೆಯದನ್ನೇ ಯೋಚಿಸಿದರೆ ಒಳ್ಳೆಯ ಮಗು ಹುಟ್ಟುತ್ತದೆ ಅನ್ನುವುದು ಕೇಳಲು ಚೆಂದ. ಆದರೆ ಮಗು ಉಳಿಯದೆ ಹೋದವಳು ಅದೇ ಸಾಲನ್ನು ತಿರುಗಿಸಿ ಓದುತ್ತಾಳೆ: ಹಾಗಾದರೆ ನಾನು ಕೆಟ್ಟದ್ದು ಯೋಚಿಸಿದೆನಾ? ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಆ ಪುಸ್ತಕ ಅಟ್ಟಕ್ಕೆ ಹೋಗಲಿ. ಅದರ ಜೊತೆಗೇ ಫೋನಿನಲ್ಲಿ ಪ್ರೆಗ್ನೆನ್ಸಿ ಆ್ಯಪ್ ಇದ್ದರೆ ತೆಗೆದುಹಾಕಿ. ಮಗು ಈಗ ಇಷ್ಟು ದೊಡ್ಡದಾಗಿದೆ ಅಂತ ವಾರವಾರ ಬರುವ ಮೆಸೇಜು ಈಗ ಬೇಡ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಇದ್ದರೆ ಗಂಡನೋ ಅಕ್ಕನೋ ಹೇಳಿ ಸರಿಮಾಡಿಸಲಿ, ಮುಂದಿನ ಚೆಕಪ್ ಯಾವಾಗ ಅಂತ ಅವರು ಕೇಳುವ ಹಾಗೆ ಆಗುವುದು ಬೇಡ.

ಕನ್ನಡದಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’. ಒಂದು ಕಾಲದಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆ ಸಂಕೋಚವಿಲ್ಲದೆ ದೇಹದ ವಿಷಯ ಹೇಳಿಕೊಟ್ಟವರು ಅವರು, ಅವರ ಬಗ್ಗೆ ನನಗೆ ಬಹಳ ಗೌರವ. ಆದರೂ ಈಗ ಅದನ್ನು ತೆಗೆಯಬೇಡಿ. ಅದು ಬಸಿರಿನಿಂದ ಶುರುವಾಗಿ ಕೂಸನ್ನು ಸಾಕುವವರೆಗೆ ಹೋಗುವ ಪುಸ್ತಕ. ನಿಮಗೆ ಬೇಕಾದ ಒಂದೆರಡು ಪುಟಕ್ಕಾಗಿ ಉಳಿದ ಪುಟಗಳನ್ನೆಲ್ಲ ದಾಟಬೇಕಾಗುತ್ತದೆ. ಅವರು ತೀರಿಕೊಂಡದ್ದು 1991ರಲ್ಲಿ, ಚಿಕಿತ್ಸೆಯ ಮಾತುಗಳು ಹಳೆಯವಾಗಿವೆ.

ತ್ರಿವೇಣಿಯವರ ‘ಶರಪಂಜರ’ವನ್ನು ಯಾರಾದರೂ ಓದು ಅನ್ನಬಹುದು, ಹೆಣ್ಣಿನ ಮನಸ್ಸು ಅರ್ಥ ಮಾಡಿಕೊಂಡ ಕಾದಂಬರಿ ಅಂತ. ನಿಜವೇ. ಹೆರಿಗೆಯ ನಂತರ ಮನಸ್ಸು ಕದಡುವುದನ್ನು ಆ ಕಾಲದಲ್ಲೇ ಬರೆದ ಧೈರ್ಯ ಅವರದ್ದು. ಆದರೆ ಅದರಲ್ಲಿ ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆಯವರು, ಗಂಡ, ನೆರೆಹೊರೆ ಯಾರೂ ಅವಳನ್ನು ಮೊದಲಿನ ಹಾಗೆ ನೋಡುವುದಿಲ್ಲ. ಕೊನೆಗೆ ಅವಳ ಮನಸ್ಸು ಮತ್ತೆ ಮುರಿಯುತ್ತದೆ. ನಿದ್ದೆ ಇಲ್ಲದ ರಾತ್ರಿಗಳಲ್ಲಿ ಓದುವ ಕಥೆ ಅಲ್ಲ ಅದು. ಹಳೆಯ ಗರತಿಯ ಹಾಡುಗಳ ಸಂಗ್ರಹವೂ ಸ್ವಲ್ಪ ಕಾಲ ದೂರ ಇರಲಿ. ಮಕ್ಕಳಿಲ್ಲದವಳ ಜನ್ಮವನ್ನು ಬಾಡಿಗೆ ಎತ್ತಿನ ದುಡಿಮೆಗೆ ಹೋಲಿಸುವ ತ್ರಿಪದಿ ಅಲ್ಲೇ ಎಲ್ಲೋ ಕಾದು ಕೂತಿರುತ್ತದೆ.

ಬೇಡ ಬೇಡ ಅನ್ನುವುದೇ ಜಾಸ್ತಿ ಆಯಿತು ಅಲ್ವಾ. ಆದರೆ ಈ ಸಮಯದಲ್ಲಿ ಒಂದು ತಪ್ಪು ಪುಸ್ತಕ ಹತ್ತು ರಾತ್ರಿ ನಿದ್ದೆ ಕೆಡಿಸಬಹುದು, ಅದಕ್ಕೇ ಇಷ್ಟು ಹೇಳಿದ್ದು.

ಬೇಕಾದದ್ದಕ್ಕೆ ಬರುತ್ತೇನೆ. ಐದು ವಾರ ಅಂದರೆ ಇನ್ನೂ ಹಸಿ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೇಲಿನ ಸಾಲು ಮರೆತುಹೋಗುತ್ತದೆ. ಯಾವಾಗಲೂ ಓದುವವಳಿಗೆ ಅದು ಇನ್ನೊಂದು ಹೆದರಿಕೆ, ನನ್ನ ತಲೆಗೇನಾಯ್ತು ಅಂತ. ಏನೂ ಆಗಿಲ್ಲ, ನಿದ್ದೆ ಮತ್ತು ದುಃಖ ಎರಡೂ ಸೇರಿ ಹಾಗೆ ಮಾಡುತ್ತವೆ. ಹಾಗಾಗಿ ಮೊದಲು ಪುಸ್ತಕವೇ ಬೇಡ, ಕರಪತ್ರ ಓದಿ. ಬ್ರಿಟನ್ನಿನ ‘ಮಿಸ್‌ಕ್ಯಾರೇಜ್ ಅಸೋಸಿಯೇಷನ್’ ಅನ್ನುವ ಸಂಸ್ಥೆ 1982ರಿಂದ ಇದೇ ಕೆಲಸ ಮಾಡುತ್ತಿದೆ. ಸರಳ ಇಂಗ್ಲಿಷಿನಲ್ಲಿ ಕೆಲವೇ ಪುಟಗಳ ಕರಪತ್ರಗಳು, ಉಚಿತವಾಗಿ ಫೋನಿಗೇ ಇಳಿಸಿಕೊಳ್ಳಬಹುದು. ಯಾಕೆ ಆಯಿತು, ಮನಸ್ಸಿಗೆ ಏನಾಗುತ್ತದೆ, ಮತ್ತೆ ಯಾವಾಗ ಪ್ರಯತ್ನಿಸಬಹುದು, ಗಂಡನಿಗೆ ಏನನಿಸುತ್ತಿರಬಹುದು, ಹೀಗೆ ಒಂದೊಂದಕ್ಕೆ ಒಂದೊಂದು. ನಿಮ್ಮದು ಮಿಸ್ಡ್ ಮಿಸ್‌ಕ್ಯಾರೇಜ್, ಅಂದರೆ ಗರ್ಭದ ಬೆಳವಣಿಗೆ ನಿಂತುಹೋದದ್ದು ಸ್ಕ್ಯಾನ್‌ನಲ್ಲೇ ತಿಳಿದದ್ದು. ಅದಕ್ಕೆ ಸಂಬಂಧಿಸಿದ್ದನ್ನು ಮೊದಲು ಓದಿ. ಅಲ್ಲಿನ ಆಸ್ಪತ್ರೆ ವ್ಯವಸ್ಥೆ ಬೇರೆ, ಆ ಭಾಗ ಬಿಟ್ಟುಬಿಡಿ. ದೇಹ, ಮನಸ್ಸು ಎಲ್ಲ ಕಡೆಯೂ ಒಂದೇ.

ಆಮೇಲೆ ಪುಸ್ತಕ ಹಿಡಿಯುವಷ್ಟು ತ್ರಾಣ ಬಂದಾಗ, ಡೆಬೊರಾ ಡೇವಿಸ್ ಬರೆದ ‘ಎಂಪ್ಟಿ ಕ್ರೇಡಲ್, ಬ್ರೋಕನ್ ಹಾರ್ಟ್’. ಮೊದಲು ಬಂದದ್ದು 1991ರಲ್ಲಿ, ಆಮೇಲೆ ಪರಿಷ್ಕರಿಸಿದ್ದಾರೆ, ಹೊಸ ಆವೃತ್ತಿಯನ್ನೇ ಕೇಳಿ. ದಪ್ಪ ಪುಸ್ತಕ. ಮಿಸ್‌ಕ್ಯಾರೇಜ್ ಮಾತ್ರ ಅಲ್ಲ, ಹೊಟ್ಟೆಯಲ್ಲೇ ತೀರಿದ ಮಗು, ಹುಟ್ಟಿ ತೀರಿದ ಮಗು ಎಲ್ಲವೂ ಇದೆ, ಹಾಗಾಗಿ ಸಾಲಾಗಿ ಓದುವುದಲ್ಲ. ತಪ್ಪಿತಸ್ಥ ಭಾವನೆ, ಸಿಟ್ಟು, ಗಂಡ ಹೆಂಡತಿಯ ನಡುವೆ ಬರುವ ಅಂತರ, ಇಂಥ ಅಧ್ಯಾಯಗಳನ್ನು ಬೇಕಾದಾಗ ಬೇಕಾದಷ್ಟು ತೆಗೆದು ಓದಿ. ಬೇಗ ಮರೆತುಬಿಡಿ ಅನ್ನುವ ಮಾತು ಇದರಲ್ಲಿ ಇಲ್ಲ. ನನಗೆ ಈ ಪುಸ್ತಕ ಇಷ್ಟವಾಗುವುದು ಅದಕ್ಕೇ.

ನನ್ನ ಹಾಗೆ ಇನ್ನೊಬ್ಬಳು ಇದ್ದಾಳಾ ಅನ್ನುವುದು ನಿಮ್ಮ ಹಸಿವಾದರೆ ಜೆಸ್ಸಿಕಾ ಝುಕರ್ ಅವರ ‘ಐ ಹ್ಯಾಡ್ ಎ ಮಿಸ್‌ಕ್ಯಾರೇಜ್’ ಇದೆ, 2021ರದ್ದು. ಅವರು ಅಮೆರಿಕದ ಮನಃಶಾಸ್ತ್ರಜ್ಞೆ. ಗರ್ಭ, ಹೆರಿಗೆಗೆ ಸಂಬಂಧಿಸಿದ ಮನಸ್ಸಿನ ತೊಂದರೆಗಳೇ ಅವರ ಕೆಲಸದ ಕ್ಷೇತ್ರ, ಆಮೇಲೆ 16ನೇ ವಾರದಲ್ಲಿ ಅವರಿಗೇ ಹೀಗಾಯಿತು, ಅದೂ ಮನೆಯಲ್ಲಿ ಒಬ್ಬರೇ ಇದ್ದಾಗ. ನಾಚಿಕೆ ಪಟ್ಟು ಬಾಯಿ ಮುಚ್ಚಿಕೊಳ್ಳುವುದು ಯಾಕೆ ಅಂತ ನೇರವಾಗಿ ಕೇಳುತ್ತಾರೆ. ಆದರೆ ಆ ದಿನ ನಡೆದದ್ದನ್ನು ರಕ್ತ ಸಮೇತ ಬರೆದಿದ್ದಾರೆ. ನಿಮಗೆ ಆಸ್ಪತ್ರೆಯ ದೃಶ್ಯ ಪದೇಪದೇ ಕಣ್ಣಮುಂದೆ ಬರುತ್ತಿದ್ದರೆ ಆ ಪುಟಗಳನ್ನು ಗೆಳತಿಯೋ ತಂಗಿಯೋ ಮೊದಲು ಓದಿ ಕ್ಲಿಪ್ ಹಾಕಿ ಕೊಡಲಿ. ಇದು ಹೇಡಿತನ ಅಲ್ಲ, ನಾನೇ ಹೀಗೆ ಮಾಡಿ ಅಂತ ಹೇಳುತ್ತೇನೆ.

ಎಲಿಜಬೆತ್ ಮೆಕ್ರಾಕೆನ್ ಎಂಬ ಕಾದಂಬರಿಗಾರ್ತಿ 2008ರಲ್ಲಿ ಬರೆದ ‘ಆ್ಯನ್ ಎಕ್ಸಾಕ್ಟ್ ರೆಪ್ಲಿಕಾ ಆಫ್ ಎ ಫಿಗ್ಮೆಂಟ್ ಆಫ್ ಮೈ ಇಮ್ಯಾಜಿನೇಶನ್’ ಚಿಕ್ಕ ಪುಸ್ತಕ, ಬರವಣಿಗೆಯ ದೃಷ್ಟಿಯಿಂದ ಇವುಗಳಲ್ಲೆಲ್ಲ ಅದೇ ಮೇಲು. ಒಂಬತ್ತನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡ ಮಗನ ಬಗ್ಗೆ. ಮುಂದೆ ಅವರಿಗೆ ಇನ್ನೊಬ್ಬ ಮಗ ಹುಟ್ಟುತ್ತಾನೆ, ಅದನ್ನು ಮುಚ್ಚಿಡದೆ ಹೇಳುತ್ತಾರೆ. ಕೆಲವರಿಗೆ ಇದು ಧೈರ್ಯ, ಕೆಲವರಿಗೆ ಸಂಕಟ. ಅವರದ್ದು ಒಂಬತ್ತು ತಿಂಗಳು, ನನ್ನದು ಬರೀ ಎರಡೂವರೆ, ನನಗೆ ಅಳುವ ಹಕ್ಕಿದೆಯಾ ಅಂತ ನೀವು ಅಳೆಯಲು ಶುರು ಮಾಡುತ್ತೀರಿ ಅನಿಸಿದರೆ ಇದನ್ನು ಮುಂದಕ್ಕೆ ಹಾಕಿ.

ಓರಿಯಾನಾ ಫಲಾಚಿ 1975ರಲ್ಲಿ ಇಟಾಲಿಯನ್ನಿನಲ್ಲಿ ಬರೆದ ಒಂದು ಕಾದಂಬರಿಯನ್ನೂ ನಿಮಗೆ ಯಾರಾದರೂ ಸೂಚಿಸಬಹುದು, ಇಂಗ್ಲಿಷಿನಲ್ಲಿ ‘ಲೆಟರ್ ಟು ಎ ಚೈಲ್ಡ್ ನೆವರ್ ಬಾರ್ನ್’. ಹೆಸರು ನೋಡಿದರೆ ನಿಮಗಾಗಿಯೇ ಬರೆದ ಹಾಗಿದೆ. ಆದರೆ ಅದರಲ್ಲಿ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುವ ಒಂದು ಕನಸಿನ ಭಾಗ ಇದೆ. ಬೈಕ್ ಹತ್ತಿದ್ದಕ್ಕೇ ಮನಸ್ಸಿನೊಳಗೆ ದಿನವೂ ವಿಚಾರಣೆ ನಡೆಸಿಕೊಳ್ಳುತ್ತಿರುವವರಿಗೆ ನಾನು ಅದನ್ನು ಕೊಡುವುದಿಲ್ಲ.

ಇನ್ನು ಕನ್ನಡ. ಇಲ್ಲಿ ನಾನು ಕೊಡುವುದು ಮಿಸ್‌ಕ್ಯಾರೇಜ್ ಮೇಲೆಯೇ ಬರೆದ ಪುಸ್ತಕ ಅಲ್ಲ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಖಿನ್ನತೆ, ಆತಂಕ, ನಿದ್ರಾಹೀನತೆಯ ಬಗ್ಗೆ ಚಿಕ್ಕಚಿಕ್ಕ ಪುಸ್ತಕಗಳನ್ನು ಬರೆದಿದ್ದಾರೆ. ಕಡಿಮೆ ಬೆಲೆ, ನಮ್ಮ ಮನೆಗಳ ಉದಾಹರಣೆಗಳು, ಸುತ್ತುಬಳಸಿಲ್ಲ. ನಿದ್ದೆ ಬಾರದ್ದಕ್ಕೆ ಏನು ಮಾಡುವುದು ಅಂತ ಅತ್ತೆಯ ಜೊತೆ ಕೂತು ಓದಿದರೂ ಮುಜುಗರ ಇಲ್ಲ. ಹೀಗೆ ಹೇಳುವುದಕ್ಕೆ ಕಾರಣ ಇದೆ. ಇಂಗ್ಲಿಷ್ ಪುಸ್ತಕ ನೀವೊಬ್ಬರೇ ಓದುತ್ತೀರಿ. ಕನ್ನಡದ್ದು ಮೇಜಿನ ಮೇಲಿದ್ದರೆ ಮನೆಯವರೂ ಎತ್ತಿ ನೋಡುತ್ತಾರೆ.

ನಿಮ್ಮ ಗಂಡನ ಮೌನದ ಬಗ್ಗೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ನಿಮಗೆ ಗೊತ್ತಿರುತ್ತದೆ, ಪಾಠ ಮಾಡಿಯೂ ಇರಬಹುದು. ಭಾವಗೀತೆಯ ಕಾರ್ಯಕ್ರಮಗಳಲ್ಲಿ ಹಾಡಿ ಹಾಡಿ ಅದು ಯಾರ ಹಾಡು ಅನ್ನುವುದು ಎಷ್ಟೋ ಜನಕ್ಕೆ ಮರೆತುಹೋಗಿದೆ. ಅದು ಮಗುವನ್ನು ಕಳೆದುಕೊಳ್ಳುತ್ತಿರುವ ಅಪ್ಪನ ಮಾತು, ಹೆಂಡತಿಯ ಕಣ್ಣು ನೋಡಲಾರದೆ ಆಡಿದ ಮಾತು. ಬೇಂದ್ರೆಯವರು ತಮ್ಮ ಮಕ್ಕಳ ಸಾವನ್ನು ಕಂಡವರು. ನಿಮ್ಮ ಗಂಡ ವಿಷಯ ಎತ್ತದೆ ಇರುವುದು ಅವರಿಗೆ ಏನೂ ಅನಿಸಿಲ್ಲ ಅಂತ ಅಲ್ಲದೆ ಇರಬಹುದು, ನಿಮ್ಮ ಮುಖ ನೋಡಿ ಮಾತಾಡುವ ಶಕ್ತಿ ಇಲ್ಲ ಅಂತಲೂ ಇರಬಹುದು. ಆ ಕವಿತೆಯನ್ನು ಇಬ್ಬರೂ ಒಮ್ಮೆ ಓದಿ, ಅಥವಾ ಸುಮ್ನೆ ಜೊತೆಗೆ ಕೂತು ಕೇಳಿ. ಮಾತು ಆಮೇಲೆ ಬರಬಹುದು, ಬರದೆಯೂ ಇರಬಹುದು. ಓದುವ ಅಭ್ಯಾಸ ಅವರಿಗೂ ಇದ್ದರೆ ಜಾನ್ ಕೋಹೆನ್ ಎಂಬ ವಿಜ್ಞಾನ ಪತ್ರಕರ್ತ 2005ರಲ್ಲಿ ಬರೆದ ‘ಕಮಿಂಗ್ ಟು ಟರ್ಮ್’ ತರಿಸಿ ಕೊಡಿ. ಹೆಂಡತಿಗೆ ಮತ್ತೆ ಮತ್ತೆ ಮಿಸ್‌ಕ್ಯಾರೇಜ್ ಆದಾಗ ಇದು ಯಾಕೆ ಅಂತ ವಿಜ್ಞಾನಿಗಳನ್ನೂ ಡಾಕ್ಟರುಗಳನ್ನೂ ಹುಡುಕಿಕೊಂಡು ಹೋದ ಗಂಡನ ಪುಸ್ತಕ ಅದು. ಹಲವು ಸಲ ಹೀಗಾದವರಲ್ಲೂ ಹೆಚ್ಚಿನವರಿಗೆ ಮುಂದೆ ಮಗು ಆಗುತ್ತದೆ ಅನ್ನುವುದನ್ನು ಚೆನ್ನಾಗಿ ವಿವರಿಸುತ್ತಾರೆ. ಚಿಕಿತ್ಸೆಯ ಭಾಗ ಮಾತ್ರ ಹಳೆಯದು, ನಂಬಿಕೊಂಡು ಕೂರಬೇಡಿ. ಉದಾಹರಣೆಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಔಷಧಿ ಯಾರಿಗೆ ಉಪಯೋಗ ಅನ್ನುವುದರ ಬಗ್ಗೆ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂದದ್ದೇ 2019ರಲ್ಲಿ: ಹಿಂದೆ ಮಿಸ್‌ಕ್ಯಾರೇಜ್ ಆಗಿದ್ದು, ಈ ಸಲ ಮೊದಲ ವಾರಗಳಲ್ಲಿ ರಕ್ತ ಕಂಡವರಿಗೆ ಪ್ರಯೋಜನ ಇರಬಹುದು ಅಂತ. ಔಷಧಿ ಹೇಳುವ ಯಾವ ಪುಸ್ತಕವಾದರೂ ಮೊದಲು ಅಚ್ಚಾದ ವರ್ಷ ನೋಡಿ, ಹತ್ತು ವರ್ಷಕ್ಕಿಂತ ಹಳೆಯದಾದರೆ ಆ ಭಾಗ ಬಿಟ್ಟು ಓದಿ, ಔಷಧಿಯ ಮಾತು ನಿಮ್ಮ ಡಾಕ್ಟರ ಹತ್ತಿರ.

ಪುಸ್ತಕ ಸಿಗುವುದು ಹೇಗೆ ಅನ್ನುವುದರಲ್ಲಿ ನಮಗೆ ಒಂದು ಅನುಕೂಲ ಇದೆ. ಕೇರಳದಲ್ಲಿ ಗ್ರಂಥಾಲಯ ಚಳವಳಿ 1945ರಿಂದ ಪಿ.ಎನ್. ಪಣಿಕ್ಕರ್ ಅವರ ಕಾಲದಿಂದ ಬೆಳೆದು ಬಂದದ್ದರಿಂದ ನಮ್ಮ ಗಡಿಯ ಪಂಚಾಯತುಗಳಲ್ಲೂ ವಾಚನಾಲಯ ಇರುತ್ತದೆ. ಕನ್ನಡದ ಕಪಾಟೂ ಹಲವು ಕಡೆ ಇದೆ. ಲೈಬ್ರರಿಯ ಕಮಿಟಿಯವರು ಪುಸ್ತಕ ಖರೀದಿಗೆ ಹೋಗುವ ಮೊದಲು ಓದುಗರ ಬೇಡಿಕೆ ಕೇಳುತ್ತಾರೆ. ಟೀಚರ್ ಹೇಳಿದರೆ ಕೇಳದೆ ಇರುವುದಿಲ್ಲ, ಆರೋಗ್ಯ ಮತ್ತು ಮನಸ್ಸಿಗೆ ಸಂಬಂಧಿಸಿದ ಕನ್ನಡ ಪುಸ್ತಕ ಬೇಕು ಅಂತ ಬರೆದುಕೊಡಿ, ನಿಮ್ಮ ಕಾರಣ ಹೇಳಬೇಕಾಗಿಲ್ಲ. ಮನೆಗೇ ಪುಸ್ತಕ ತಂದುಕೊಡುವ ವ್ಯವಸ್ಥೆ ಹೆಂಗಸರಿಗಾಗಿ ಇದೆಯಾ ಅಂತಲೂ ವಿಚಾರಿಸಿ. ಇಂಗ್ಲಿಷ್ ಪುಸ್ತಕಗಳನ್ನು ಮಂಗಳೂರಿನ ಅಂಗಡಿಗಳಲ್ಲಿ ಹೇಳಿ ತರಿಸಬಹುದು ಅಥವಾ ಫೋನಿನಲ್ಲೇ ಓದಬಹುದು. ಆದರೆ ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಹುಡುಕಬೇಡಿ ಅಂತ ನನ್ನ ಕೋರಿಕೆ. ಪುಸ್ತಕ ಹುಡುಕಲು ಹೋಗಿ ಬೇರೆಯವರ ಕಷ್ಟಗಳ ರಾಶಿಯಲ್ಲಿ ಸಿಕ್ಕಿಕೊಳ್ಳುತ್ತೀರಿ.

ಓದಲು ಹೊತ್ತೂ ಬೇಕಲ್ಲ. ನೀವು ಶಾಲೆಗೆ ಹೋಗಲು ಶುರು ಮಾಡಿದ್ದೀರೋ ಇಲ್ಲವೋ ಬರೆದಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಿಸ್‌ಕ್ಯಾರೇಜ್ ಆದ ಮರುದಿನದಿಂದ ಆರು ವಾರ ಸಂಬಳ ಸಹಿತ ರಜೆ ಇದೆ, ಸರ್ಕಾರಿ ನೌಕರರಿಗೆ ಸೇವಾ ನಿಯಮಗಳಲ್ಲೇ ಇದಕ್ಕೆ ರಜೆ ಇದೆ. ಆಸ್ಪತ್ರೆಯ ಕಾಗದ ತೋರಿಸಬೇಕು. ನಮ್ಮ ಎಷ್ಟೋ ಟೀಚರ್‌ಗಳು ಹೆಡ್‌ಮಾಸ್ಟರ ಹತ್ತಿರ ಹೇಳಲು ನಾಚಿ ಜ್ವರ ಅಂತ ಎರಡು ದಿನ ರಜೆ ಬರೆದು ವಾಪಸ್ ಬಂದುಬಿಡುತ್ತಾರೆ. ಕೇಳಿ ಪಡೆಯಿರಿ.

ಕೊನೆಯದಾಗಿ, ಓದಿನಿಂದ ಆಗದ್ದೂ ಇದೆ. 2020ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಗರ್ಭ ಕಳೆದುಕೊಂಡ ಹೆಂಗಸರಲ್ಲಿ 29% ಜನರಿಗೆ ಒಂದು ತಿಂಗಳ ನಂತರ ಆಘಾತದ ಲಕ್ಷಣಗಳಿದ್ದವು, ಒಂಬತ್ತು ತಿಂಗಳ ನಂತರವೂ 18% ಜನರಲ್ಲಿ ಉಳಿದಿದ್ದವು. ಬೆಚ್ಚಿ ಏಳುವುದು, ಆ ಸ್ಕ್ಯಾನ್ ರೂಮು ಮತ್ತೆ ಮತ್ತೆ ಕಣ್ಣಿಗೆ ಬರುವುದು, ಆಸ್ಪತ್ರೆಯ ರಸ್ತೆಯಲ್ಲೇ ಹೋಗಲಾಗದೆ ಇರುವುದು, ಇಂಥವು. ನಿಮಗೆ ಹೀಗಾಗುತ್ತಿದ್ದರೆ, ಅಥವಾ ಇನ್ನೂ ಎರಡು ವಾರ ನಿದ್ದೆ ಊಟ ಸರಿಯಾಗದಿದ್ದರೆ, ಇನ್ನೊಂದು ಪುಸ್ತಕ ತರಿಸುವುದು ಬಿಟ್ಟು ಡಾಕ್ಟರನ್ನೋ ಕೌನ್ಸೆಲರನ್ನೋ ನೋಡಿ. ಬದುಕಿರುವುದೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವುದಲ್ಲ, ಅದೇ ದಿನ. ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಕೇರಳದ ದಿಶಾ ಸಹಾಯವಾಣಿ 1056 ಕೂಡ ಇದೆ. ಕರೆ ತೆಗೆದುಕೊಂಡವರು ಮಲಯಾಳಂನಲ್ಲಿ ಶುರು ಮಾಡಿದರೆ ಕನ್ನಡದಲ್ಲಿ ಮಾತಾಡಬೇಕು ಅಂತ ಹೇಳಿ. ಟೆಲಿ ಮಾನಸ್‌ನಲ್ಲಿ ಕನ್ನಡ ಇದೆ.

ಇವತ್ತು ಏನು ಮಾಡಲಿ ಅಂದರೆ: ಗರ್ಭಸಂಸ್ಕಾರದ ಪುಸ್ತಕ ಇದ್ದರೆ ಅಟ್ಟಕ್ಕೆ ಹಾಕಿಸಿ, ಮಿಸ್ಡ್ ಮಿಸ್‌ಕ್ಯಾರೇಜಿನ ಕರಪತ್ರ ಇಳಿಸಿಕೊಂಡು ಹಗಲು ಹೊತ್ತಿನಲ್ಲಿ ಓದಿ, ಸ್ಕ್ಯಾನ್ ರಿಪೋರ್ಟ್ ಗಂಡನ ಕೈಗೆ ಕೊಡಿ. ಆ 8 ವಾರದ ಲೆಕ್ಕವನ್ನು ತಮ್ಮ ಅಮ್ಮನಿಗೆ ಅವರೇ ಬಿಡಿಸಿ ಹೇಳಲಿ.